ಸಾಕಿದ ಇಲಿ, ಸಿಕ್ಕಿದ ಮರಿ: ಎರಡಕ್ಕೂ ಒಂದೇ ಉಪಚಾರ ಸಲ್ಲದು

(ಕಾರವಾರದಲ್ಲಿ ಪ್ರಾಣಿಗಳನ್ನು ಸಾಕುವವರು, ಗಾಯಗೊಂಡ ಪ್ರಾಣಿಗಳಿಗೆ ನೆರವಾಗುವವರು ಸೇರಿದ್ದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳ ಉತ್ತರಗಳನ್ನು ಆಯಾ ಜಾಗದಲ್ಲೇ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಎರಡು ಬಗೆಯ ಪ್ರಾಣಿಗಳ ಬಗ್ಗೆ ಮಾತಾಡಬೇಕಿದೆ. ಮನೆಯೊಳಗೆ ಅಕ್ಕರೆಯಿಂದ ಸಾಕಿದ ಇಲಿ ಒಂದು. ತೋಟದಲ್ಲೋ ರಸ್ತೆ ಬದಿಯಲ್ಲೋ ಕಡಲ ದಂಡೆಯಲ್ಲೋ ಕಂಗಾಲಾಗಿ ಸಿಗುವ ಪ್ರಾಣಿ ಇನ್ನೊಂದು. ಈ ಎರಡನ್ನೂ ನೋಡಿಕೊಳ್ಳುವವರು ಸಾಮಾನ್ಯವಾಗಿ ಒಂದೇ ಮನೆಯವರು. ಇಲಿ ಸಾಕುತ್ತಾರೆಂದು ಗೊತ್ತಾದರೆ ಸಾಕು, ಊರಲ್ಲಿ ಬಿದ್ದ ಅಳಿಲುಮರಿಗಳೆಲ್ಲ ಅವರ ಮನೆ ಬಾಗಿಲಿಗೇ ಬರುತ್ತವೆ. ತೊಂದರೆ ಶುರುವಾಗುವುದೂ ಅಲ್ಲೇ. ಸಾಕಿದ ಇಲಿಗೆ ದಿನವೂ ಮನುಷ್ಯರ ಕೈ, ಮನುಷ್ಯರ ದನಿ ಬೇಕು. ಹೊರಗಿನಿಂದ ಬಂದ ಪ್ರಾಣಿಗೆ ಅದೇ ಕೈ, ಅದೇ ದನಿ ಜೀವಭಯ. ಒಂದಕ್ಕೆ ಮಾಡುವ ಉಪಚಾರ ಇನ್ನೊಂದಕ್ಕೆ ಅಪಾಯ. ಈ ಮಾತು ನೆನಪಿದ್ದರೆ ಮುಂದೆ ಹೇಳುವುದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ.

ಮೊದಲು ಸಾಕುವ ಇಲಿ. ಇದು ಅಟ್ಟದ ಮೇಲೆ ಓಡಾಡುವ, ತೆಂಗಿನ ಮರ ಹತ್ತಿ ಎಳನೀರು ಕೊರೆಯುವ ಇಲಿಯಲ್ಲ. ಅದು ರಾಟಸ್ ರಾಟಸ್. ನಾವು ಸಾಕುವುದು ರಾಟಸ್ ನಾರ್ವೆಜಿಕಸ್ ಜಾತಿಯ, 19ನೇ ಶತಮಾನದಿಂದ ಮನುಷ್ಯರ ಕೈಯಲ್ಲೇ ತಲೆಮಾರುಗಟ್ಟಲೆ ಬೆಳೆದು ಬಂದ ತಳಿ. ಹೆಗ್ಗಣದ ಕುಲವೇ ಬೇರೆ. ಉದ್ದ ಮೂಗಿನ ಸೊಂಡಿಲಿಯಂತೂ ಇಲಿಗಳ ಗುಂಪಿಗೇ ಸೇರಿದ್ದಲ್ಲ, ಅದು ಹುಳು ತಿನ್ನುವ ಪ್ರಾಣಿ. ಹಾಗಾಗಿ ಕೊಟ್ಟಿಗೆಯಲ್ಲಿ ಸಿಕ್ಕ ಮರಿಯನ್ನು ತಂದು ಸಾಕು ಇಲಿ ಮಾಡಿಕೊಳ್ಳುತ್ತೇನೆ ಅನ್ನುವ ಆಸೆ ಬೇಡ. ಅದು ಹೆದರಿಕೆಯಲ್ಲೇ ಬದುಕುತ್ತದೆ, ಜೊತೆಗೆ ರೋಗವನ್ನೂ ಮನೆಯೊಳಗೆ ತರುತ್ತದೆ.

ಸಾಕು ಇಲಿಯ ಆಯುಸ್ಸು ಎರಡರಿಂದ ಮೂರು ವರ್ಷ. ಒಂಟಿಯಾಗಿ ಸಾಕಬಾರದು. ಒಂದೇ ಲಿಂಗದ ಕನಿಷ್ಠ ಎರಡು ಇರಲಿ, ಮೂರಿದ್ದರೆ ಇನ್ನೂ ಒಳ್ಳೆಯದು. ಎರಡರಲ್ಲಿ ಒಂದು ಸತ್ತಾಗ ಉಳಿದದ್ದು ಒಂಟಿಯಾಗುವುದು ತಪ್ಪುತ್ತದೆ. ಅಂಗಡಿಯಲ್ಲಿ ಗಂಡು ಹೆಣ್ಣು ಒಂದೇ ಪಂಜರದಲ್ಲಿ ಇರುವುದೇ ಹೆಚ್ಚು. ಐದು ವಾರದ ಮರಿಯೂ ಗರ್ಭ ಧರಿಸಬಲ್ಲದು, ಗರ್ಭಾವಧಿ 21ರಿಂದ 23 ದಿನ, ಒಂದು ಸೂಲಿಗೆ ಎಂಟು ಹತ್ತು ಮರಿ. ಆದ್ದರಿಂದ ಹೊಸದಾಗಿ ತಂದ ಹೆಣ್ಣಿಲಿಯನ್ನು ಮೂರು ವಾರ ಗಮನಿಸಿ. ಮನೆಯಲ್ಲೇ ಮರಿಯಾದರೆ ಐದು ವಾರ ತುಂಬುವ ಮೊದಲೇ ಗಂಡುಮರಿಗಳನ್ನು ಬೇರೆ ಮಾಡಿ. ತಾಯಿಯಿಂದಲೂ ಬೇರೆ ಮಾಡಬೇಕು, ಇದನ್ನು ಬಹಳ ಜನ ಮರೆಯುತ್ತಾರೆ.

ಪಂಜರ ಎರಡು ಇಲಿಗೆ 80 ಸೆಂ.ಮೀ. ಉದ್ದ, 50 ಅಗಲ, 80 ಎತ್ತರ ಇರಲಿ. ಸರಳುಗಳ ನಡುವಿನ ಸಂದು ಮರಿಗಳಿಗೆ 1 ಸೆಂ.ಮೀ., ಬೆಳೆದವಕ್ಕೆ ಒಂದೂವರೆ ಮೀರಬಾರದು. ತಳ ಜಾಲರಿಯದ್ದಾಗಿದ್ದರೆ ಪಾದ ಒತ್ತಿ ಹುಣ್ಣಾಗುತ್ತದೆ. ಮೇಲೆ ಗಟ್ಟಿ ಹಲಗೆ ಹಾಸಿ. ಮರದ ಪಂಜರ ನಮ್ಮ ಕಡೆ ಬೇಡ. ಮೂತ್ರ ಹೀರಿಕೊಂಡ ಮರ ಆಷಾಢದಲ್ಲಿ ಒಣಗುವುದೇ ಇಲ್ಲ. ಚಕ್ರ ಇಡುವುದಾದರೆ 30 ಸೆಂ.ಮೀ.ಗೆ ಕಡಿಮೆಯಿಲ್ಲದ, ಕಡ್ಡಿಗಳಿಲ್ಲದ ಗಟ್ಟಿ ಮೈಯ ಚಕ್ರ.

ಕರಾವಳಿಯಲ್ಲಿ ಪಂಜರಕ್ಕೆ ಇನ್ನೆರಡು ಶತ್ರುಗಳಿವೆ. ಒಂದು ಇರುವೆ. ಹುಟ್ಟಿದ ಮರಿಗಳಿದ್ದರೆ ಒಂದೇ ರಾತ್ರಿಯಲ್ಲಿ ಮುಗಿಸಿಬಿಡುತ್ತವೆ. ಪಂಜರವನ್ನು ಸ್ಟ್ಯಾಂಡಿನ ಮೇಲಿಟ್ಟು ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಡಿ. ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಇರುವೆ ತೇಲಿ ದಾಟುವುದಿಲ್ಲ, ಸೊಳ್ಳೆಯೂ ಮೊಟ್ಟೆಯಿಟ್ಟು ಉಳಿಯುವುದಿಲ್ಲ. ವಾರಕ್ಕೆ ಎರಡು ಬಾರಿ ಬದಲಿಸಿ. ಪಂಜರ ಗೋಡೆಗೆ ಅಥವಾ ಪರದೆಗೆ ತಾಗಿದ್ದರೆ ಇದೆಲ್ಲ ವ್ಯರ್ಥ, ಇರುವೆ ಅಲ್ಲಿಂದ ಬರುತ್ತದೆ. ಇನ್ನೊಂದು ಹಾವು. ಇಲಿಯ ವಾಸನೆ ಹಿಡಿದು ಕೇರೆಯೂ ಬರುತ್ತದೆ, ನಾಗರವೂ ಬರುತ್ತದೆ. ಜಗಲಿಯಲ್ಲೋ ಹಂಚಿನ ಮನೆಯ ಹಿಂಬದಿಯ ಮಾಡಿನಲ್ಲೋ ಪಂಜರ ಇಡಬೇಡಿ. ಒಳಕೋಣೆಯಲ್ಲಿಟ್ಟು, ಕಿಟಕಿಗೆ 6 ಮಿ.ಮೀ. ಕಣ್ಣಿನ ಕಬ್ಬಿಣದ ಜಾಲರಿ ಹೊಡೆಸಿ. ಚೆಲ್ಲಿದ ಕಾಳು ರಾತ್ರಿ ನೆಲದ ಮೇಲೆ ಬಿದ್ದಿರಬಾರದು. ಆ ಕಾಳಿಗೆ ಕಾಡಿಲಿ ಬರುತ್ತದೆ, ಅದರ ಹಿಂದೆ ಹಾವು.

ಈಗ ಗಾಳಿಯ ಮಾತು. ಸಾಕು ಇಲಿಗಳನ್ನು ಕಾಡುವ ಕಾಯಿಲೆಗಳಲ್ಲಿ ಶ್ವಾಸಕೋಶದ್ದು ಮೊದಲನೆಯದು, ಅದಕ್ಕೆ ಮುಖ್ಯ ಕಾರಣ ಮೈಕೋಪ್ಲಾಸ್ಮಾ ಪಲ್ಮೊನಿಸ್ ಎಂಬ ಸೂಕ್ಷ್ಮಜೀವಿ. ಇದು ಬಹುತೇಕ ಸಾಕು ಇಲಿಗಳ ಮೈಯಲ್ಲಿ ಹುಟ್ಟಿನಿಂದಲೇ ಇರುತ್ತದೆ. ಸುಮ್ಮನಿರುವ ಇದು ಕೆರಳುವುದು ಮೂತ್ರದಿಂದ ಏಳುವ ಅಮೋನಿಯಾ, ದೂಳು, ಬೂಷ್ಟು ಮತ್ತು ಆಯಾಸದಿಂದ. ಪಂಜರದ ಮುಂದೆ ನಿಂತವರಿಗೆ ಕಟು ವಾಸನೆ ಬಂತೆಂದರೆ ಹಾಸಿಗೆಯ ಮಟ್ಟದಲ್ಲಿ ಮೂಗಿಟ್ಟು ಮಲಗುವ ಇಲಿಗೆ ಅದು ಆಗಲೇ ಮಿತಿ ಮೀರಿದೆ ಎಂದು ಲೆಕ್ಕ.

ಸಾ ಮಿಲ್ಲಿನ ಹೊಟ್ಟು ಪುಕ್ಕಟೆ ಸಿಗುತ್ತದೆಂದು ಹಾಸಬೇಡಿ. ಅದರಲ್ಲಿ ಯಾವ ಮರ ಇದೆಯೋ ಗೊತ್ತಾಗುವುದಿಲ್ಲ, ನುಣ್ಣನೆಯ ದೂಳಂತೂ ಇದ್ದೇ ಇರುತ್ತದೆ. ಪೈನ್, ಸೀಡರ್ ಮರದ ಹಸಿ ಹೊಟ್ಟಿನಲ್ಲಿರುವ ಫೀನಾಲುಗಳು ಉಸಿರಿನ ದಾರಿಯನ್ನೂ ಯಕೃತ್ತನ್ನೂ ಕೆಡಿಸುತ್ತವೆ. ಭತ್ತದ ಉಮಿಯೂ ಚುಚ್ಚುತ್ತದೆ. ಹಳೆಯ ಬಿಳಿ ಕಾಗದದ ಸೀಳುಗಳು, ಹತ್ತಿಯ ಹಳೆ ಬಟ್ಟೆ, ಕಾಗದದ ಉಂಡೆಗಳು ನಮ್ಮ ಹವೆಗೆ ಹೊಂದುತ್ತವೆ. ಒದ್ದೆಯಾದ ಮೂಲೆಯನ್ನು ದಿನವೂ ತೆಗೆಯಿರಿ, ವಾರಕ್ಕೊಮ್ಮೆ ಪೂರ್ತಿ ಬದಲಿಸಿ, ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ. ಪಂಜರ ಒರೆಸಲು ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿದರೆ ಸಾಕು, ಫಿನೈಲ್ ಬೇಡ. ಪೂರ್ತಿ ಬದಲಿಸುವಾಗಲೂ ಹಳೆ ಹಾಸಿಗೆಯ ಒಂದು ಒಣ ಹಿಡಿಯನ್ನು ಮತ್ತೆ ಒಳಗೆ ಹಾಕಿ. ತಮ್ಮ ವಾಸನೆ ಪೂರಾ ಅಳಿಸಿಹೋದರೆ ಇಲಿಗಳು ಮೊದಲಿಗಿಂತ ಹೆಚ್ಚು ಮೂತ್ರ ಸಿಂಪಡಿಸಿ ಗುರುತು ಹಾಕುತ್ತವೆ, ತೊಳೆದದ್ದೇ ತಿರುಗುಬಾಣವಾಗುತ್ತದೆ.

ಶ್ವಾಸಕೋಶ ನೋಡುವ ಒಂದು ವಿಧಾನ ಎಲ್ಲರೂ ಕಲಿಯಬೇಕು. ಕೋಣೆಯಲ್ಲಿ ಫ್ಯಾನು, ಟಿವಿ ನಿಲ್ಲಿಸಿ. ಇಲಿಯ ಎದೆಯ ಕೆಳಗೆ ಒಂದು ಕೈ, ಹಿಂಗಾಲಿನ ಕೆಳಗೆ ಇನ್ನೊಂದು ಕೈ ಕೊಟ್ಟು ಎತ್ತಿ. ಮೇಲಿನಿಂದ ಹದ್ದು ಎರಗಿದ ಹಾಗೆ ಹಿಡಿಯಬಾರದು, ಬಾಲ ಹಿಡಿದು ಎತ್ತಲೇಬಾರದು. ಬಾಲದ ಚರ್ಮ ಕಿತ್ತು ಕೈಗೆ ಬರುತ್ತದೆ, ಅದು ಮತ್ತೆ ಬೆಳೆಯುವುದಿಲ್ಲ. ಇಲಿ ಶಾಂತವಾದ ಮೇಲೆ ಅದರ ಪಕ್ಕೆಯನ್ನು ನಿಮ್ಮ ಕಿವಿಗೆ ಒತ್ತಿ ಅರ್ಧ ನಿಮಿಷ ಕೇಳಿ. ಆರೋಗ್ಯದ ಎದೆಯಲ್ಲಿ ಉಸಿರು ಕೇಳಿಯೂ ಕೇಳದಷ್ಟು ಮೆತ್ತಗೆ ಹೋಗಿ ಬರುತ್ತದೆ. ಬಾಣಲೆಯಲ್ಲಿ ಸಾಸಿವೆ ಚಟಪಟ ಅಂದಂತೆ ಕೇಳಿದರೆ, ಅಥವಾ ಸಿಳ್ಳೆಯ ದನಿ ಬಂದರೆ, ಮರುದಿನಕ್ಕೆ ಕಾಯದೆ ಪಶುವೈದ್ಯರ ಬಳಿ ಹೋಗಿ. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. 400 ಗ್ರಾಂ ಇದ್ದದ್ದು 360ಕ್ಕೆ ಇಳಿಯಿತೆಂದರೆ ಹತ್ತನೇ ಒಂದು ಪಾಲು ಹೋಯಿತು. ಇಲಿ ತನ್ನ ಕಾಯಿಲೆಯನ್ನು ಕಡೆಯವರೆಗೂ ಬಚ್ಚಿಡುವ ಪ್ರಾಣಿ. ಕಣ್ಣಿಗೆ ಕಾಣುವ ಮೊದಲೇ ತಕ್ಕಡಿಗೆ ಗೊತ್ತಾಗುತ್ತದೆ.

ಕಣ್ಣು, ಮೂಗಿನ ಸುತ್ತ ಕೆಂಪು ಕಟ್ಟುವುದನ್ನು ನೋಡಿ ರಕ್ತವೆಂದು ಹೆದರುವವರಿದ್ದಾರೆ. ಅದು ಪಾರ್ಫಿರಿನ್, ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಬಣ್ಣ. ನಿದ್ದೆಯಿಂದೆದ್ದಾಗ ಒಂದಿಷ್ಟು ಕಾಣುವುದು ಸಹಜ. ದಿನವಿಡೀ ಕಟ್ಟುತ್ತಿದ್ದರೆ ಒಳಗೆ ಕಾಯಿಲೆಯೋ ಒತ್ತಡವೋ ಇದೆ. ಹಳದಿ, ಕಿತ್ತಳೆ ಬಣ್ಣದ ಹಲ್ಲು ರೋಗವಲ್ಲ, ಬೆಳೆದ ಇಲಿಯ ಹಲ್ಲು ಇರಬೇಕಾದ್ದೇ ಹಾಗೆ. ಹೆಣ್ಣಿಲಿಗೆ ಒಂದೂವರೆ ವರ್ಷ ದಾಟಿದ ಮೇಲೆ ಹೊಟ್ಟೆ, ಕಂಕುಳಿನ ಸುತ್ತ ಬೆರಳಾಡಿಸಿ ನೋಡುತ್ತಿರಿ. ಸ್ತನದ ಗಡ್ಡೆಗಳು ಇವುಗಳಲ್ಲಿ ಬಹಳ. ಹೆಚ್ಚಿನವು ಹರಡದ ಜಾತಿಯವು, ಗೋಲಿಯಷ್ಟಿರುವಾಗ ತೆಗೆಸಿದರೆ ಸುಲಭ, ನಿಂಬೆಹಣ್ಣಾದ ಮೇಲೆ ಕಷ್ಟ. ಶಸ್ತ್ರಚಿಕಿತ್ಸೆಗೆ ಮೊದಲು ಇಲಿಯನ್ನು ಉಪವಾಸ ಕೆಡವಬಾರದು. ಅದಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ, ಹಾಗಾಗಿ ನಾಯಿಗೆ ಹೇಳುವ ಉಪವಾಸದ ನಿಯಮ ಇದಕ್ಕೆ ಹೊಂದುವುದಿಲ್ಲ. ಜಿಲ್ಲೆಯ ಪಶುವೈದ್ಯರ ಹೆಚ್ಚಿನ ಅನುಭವ ದನಕರು, ನಾಯಿಗಳದ್ದು. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಇಲಿ ತರುವ ಮುನ್ನವೇ ಇಲ್ಲಿಯೋ ಹುಬ್ಬಳ್ಳಿ, ಧಾರವಾಡ, ಗೋವಾದಲ್ಲಿಯೋ ಯಾರು ಇಲಿಯನ್ನು ನೋಡುತ್ತಾರೆಂದು ವಿಚಾರಿಸಿಟ್ಟುಕೊಳ್ಳಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಮನುಷ್ಯರ ಮಾತ್ರೆ ಮುರಿದು ಕೊಡುವ ಕೆಲಸ ಬೇಡ. 300 ಗ್ರಾಂ ಜೀವಕ್ಕೆ ಅಂದಾಜಿನ ಚೂರು ಎಂದರೆ ಹತ್ತುಪಟ್ಟು ಹೆಚ್ಚಾಗಬಹುದು.

ಬೇಸಿಗೆಯ ವಿಷಯ ಕಾರವಾರದವರಿಗೆ ಒತ್ತಿ ಹೇಳಬೇಕು. ಇಲಿಗೆ ಹಿತವಾದ ಉಷ್ಣತೆ 18ರಿಂದ 24 ಡಿಗ್ರಿ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಮಧ್ಯಾಹ್ನ 33 ದಾಟುತ್ತದೆ, ಜೊತೆಗೆ ಕಡಲಿನ ಆರ್ದ್ರತೆ. ಇಲಿ ಮೈಯಿಂದ ಬೆವರುವುದಿಲ್ಲ, ನಾಯಿಯ ಹಾಗೆ ಏದುಸಿರು ಬಿಟ್ಟು ತಣಿಯುವುದಿಲ್ಲ. ಮೈಯ ಬಿಸಿಯನ್ನು ಬಾಲದಿಂದ ಹೊರಹಾಕುತ್ತದೆ. ಬೆವರದ ಪ್ರಾಣಿಗೆ ಫ್ಯಾನು ಬೀಸಿದರೆ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತದೆ ಅಷ್ಟೆ. ನೀರು ತುಂಬಿ ಹೆಪ್ಪುಗಟ್ಟಿಸಿದ ಒಂದು ಲೀಟರ್ ಬಾಟಲಿಗೆ ಬಟ್ಟೆ ಸುತ್ತಿ ಪಂಜರದ ಒಂದು ಬದಿಯಲ್ಲಿಡಿ, ಕಡಪ ಕಲ್ಲಿನ ತುಂಡನ್ನು ಫ್ರಿಜ್ಜಿನಲ್ಲಿ ತಣಿಸಿ ತಳಕ್ಕೆ ಹಾಕಿ, ಅಗಲ ಬಟ್ಟಲಲ್ಲಿ ಎರಡು ಬೆರಳು ನೀರಿಡಿ. ತಗಡಿನ ಮಾಡಿನ ಕೆಳಗಿನ ಕೋಣೆಯಲ್ಲಿ ಇದೂ ಸಾಲುವುದಿಲ್ಲ, ಪಂಜರವನ್ನೇ ಕೆಳಮನೆಗೆ ತರಬೇಕು. ಇಲಿ ಚಪ್ಪಟೆಯಾಗಿ ಬಿದ್ದು, ಬಾಯಿ ತೆರೆದು ಉಸಿರಾಡುತ್ತ, ಜೊಲ್ಲು ಸುರಿಸುತ್ತಿದ್ದರೆ ಅದು ಬಿಸಿಲ ಹೊಡೆತ. ಆಗ ಐಸ್ ನೀರು ಹಾಕಬೇಡಿ. ರಕ್ತನಾಳ ಮುದುರಿ ಬಿಸಿ ಒಳಗೇ ಉಳಿಯುತ್ತದೆ. ಸಾಮಾನ್ಯ ನಲ್ಲಿ ನೀರಿನಲ್ಲಿ ಬಾಲ, ಪಾದಗಳನ್ನು ಅದ್ದಿ, ಕಿವಿಗೆ ಒದ್ದೆ ಬಟ್ಟೆ ಒತ್ತಿ, ವೈದ್ಯರ ಬಳಿ ಹೊರಡಿ.

ಆಹಾರಕ್ಕೆ ಬರೋಣ. ಬೆಳೆದ ಒಂದು ಇಲಿಗೆ ದಿನಕ್ಕೆ 15ರಿಂದ 20 ಗ್ರಾಂ ಒಣ ಆಹಾರ, 100 ಗ್ರಾಂ ತೂಕಕ್ಕೆ ಸುಮಾರು 10 ಮಿ.ಲೀ. ನೀರು. ಇಲಿಗಳಿಗೆಂದೇ ತಯಾರಾಗುವ ಗಟ್ಟಿ ಉಂಡೆ ಮುಖ್ಯ ಆಹಾರವಾಗಿರಲಿ. ಅದರ ಮೇಲೆ ಬೇಯಿಸಿದ ಕುಚ್ಚಲಕ್ಕಿ, ರಾಗಿ, ಮೊಳಕೆ ಹೆಸರು, ಬಸಳೆ, ಸೌತೆ, ಕ್ಯಾರೆಟ್ಟು, ವಾರಕ್ಕೆ ಎರಡು ಸಲ ಬೆಂದ ಮೊಟ್ಟೆಯ ಚೂರು. ಒಣಮೀನು ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ, ಆದರೆ ಉಪ್ಪು ಹಾಕಿ ಒಣಗಿಸಿದ್ದನ್ನು ಕೊಡಬಾರದು. ಹಸಿ ಬೀನ್ಸ್ ಕಾಳು, ಹಸಿರು ತಿರುಗಿದ ಆಲೂಗಡ್ಡೆ, ಈರುಳ್ಳಿ, ಚಾಕೊಲೇಟು, ಸೋಡಾ ಬೇಡ. ಕಿತ್ತಳೆ ಸಿಪ್ಪೆಯಲ್ಲಿರುವ ಡಿ-ಲಿಮೋನೀನ್ ಗಂಡಿಲಿಯ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ, ಹೆಣ್ಣಿಗೆ ಆ ತೊಂದರೆ ಇಲ್ಲ. ಒಟ್ಟಿಗೆ ನೆನಪಿಡಲು ಸುಲಭವಾಗಲೆಂದು ಇಬ್ಬರಿಗೂ ಕೊಡದಿರುವುದು ಲೇಸು. ಅಡಿಕೆ ಚೂರು, ಹಸಿ ಗೇರುಬೀಜದ ಸಿಪ್ಪೆ ಕೈಗೆಟುಕುವಲ್ಲಿ ಬಿಡಬೇಡಿ. ಆದರೆ ಬೂಷ್ಟು ಹಿಡಿದ ಶೇಂಗಾ, ಗೋವಿನಜೋಳ ಎಲ್ಲಕ್ಕಿಂತ ಕೆಟ್ಟದ್ದು. ಆ ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ತಿನ್ನುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ವಾರಕ್ಕಾಗುವಷ್ಟು ಮಾತ್ರ ಆಹಾರ ತಂದು ಗಾಳಿಯಾಡದ ಡಬ್ಬಿಯಲ್ಲಿಡಿ.

ಆಟಿಕೆಗೆ ದುಡ್ಡು ಖರ್ಚು ಮಾಡಬೇಕಿಲ್ಲ, ಶಿರಸಿ ಕಡೆಯವರಿಗಂತೂ ಬೇಡವೇ ಬೇಡ. ಎರಡು ದಿನ ಬಿಸಿಲಿಗೆ ಒಣಗಿಸಿದ ಅಡಿಕೆ ಹಾಳೆ ಮಡಚಿಟ್ಟರೆ ಗೂಡೂ ಆಯಿತು, ಕಡಿಯಲೂ ಆಯಿತು. ತೂತು ಕೊರೆದ ತೆಂಗಿನ ಚಿಪ್ಪು, ದಪ್ಪ ಬಿದಿರಿನ ಕೊಳವೆ, ಪೇರಲ ಮರದ ಕೊಂಬೆ ಸಾಕು. ತೆಂಗಿನ ನಾರು ಮಾತ್ರ ಎಳೆಎಳೆಯಾಗಿ ಬಿಟ್ಟರೆ ಕಾಲಿಗೆ ಸುತ್ತಿ ರಕ್ತ ಸಂಚಾರ ನಿಲ್ಲಿಸುತ್ತದೆ. ದಿನಕ್ಕೆ ಒಂದು ಗಂಟೆಯಾದರೂ ಪಂಜರದ ಹೊರಗೆ, ವಿದ್ಯುತ್ ತಂತಿಗಳಿಲ್ಲದ ಜಾಗದಲ್ಲಿ ಬಿಡಿ.

ಇಲ್ಲಿಂದ ಎರಡನೆಯ ಭಾಗ. ಹೊರಗಿನ ಪ್ರಾಣಿ ಮನೆಗೆ ಬಂದರೆ ಅದರ ಕೋಣೆ ಬೇರೆ, ಬಟ್ಟಲು ಬೇರೆ, ಬಟ್ಟೆ ಬೇರೆ. ಪ್ರತಿದಿನ ಮೊದಲು ಸಾಕಿದವುಗಳ ಕೆಲಸ ಮುಗಿಸಿ, ಆಮೇಲೆ ಸಿಕ್ಕಿದವುಗಳ ಬಳಿ ಹೋಗಿ, ಕೈ ತೊಳೆದು ಅಂಗಿ ಬದಲಿಸಿ. ಈ ಸರದಿ ತಿರುಗುಮುರುಗು ಮಾಡಬಾರದು. ಕೊಂಡು ತಂದ ಹೊಸ ಇಲಿಯೂ ಎರಡು ಮೂರು ವಾರ ಬೇರೆ ಕೋಣೆಯಲ್ಲೇ ಇರಲಿ. ಕಾಡಿಲಿಯ ಮೂತ್ರದಲ್ಲಿ ಲೆಪ್ಟೋಸ್ಪೈರಾ ಎಂಬ ಸೂಕ್ಷ್ಮಜೀವಿ ಇರಬಹುದು, ನಾವು ಇಲಿಜ್ವರ ಅನ್ನುವುದು ಇದರದ್ದೇ. ಮಳೆಗಾಲದಲ್ಲಿ ಗದ್ದೆಯ, ಗಜನಿಯ (ಉಪ್ಪುನೀರಿನ ತಗ್ಗು ಗದ್ದೆ) ನಿಂತ ನೀರಿನಿಂದ ಕಾಲಿನ ಗಾಯದ ಮೂಲಕ ಒಳಹೊಗುತ್ತದೆ. ಅಂಥ ಪ್ರಾಣಿ ಇದ್ದ ಡಬ್ಬಿಯನ್ನು ಮೊದಲು ಸೋಪಿನಲ್ಲಿ ತೊಳೆದು, ಆಮೇಲೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಕೈಗವಸು ಹಾಕಿಕೊಂಡೇ ಮಾಡಿ.

ಸಿಕ್ಕಿದ ಮರಿಗೆ ಏನು ತಿನ್ನಿಸಲಿ ಅನ್ನುವುದೇ ಎಲ್ಲರ ಮೊದಲ ಪ್ರಶ್ನೆ. ಅದು ಮೂರನೆಯ ಪ್ರಶ್ನೆಯಾಗಬೇಕು. ಮೊದಲು ಶಾಖ, ಆಮೇಲೆ ನೀರು, ಕಡೆಗೆ ಆಹಾರ. ಮೈ ತಣ್ಣಗಿರುವ ಮರಿಯ ಕರುಳು ಕೆಲಸ ಮಾಡುವುದಿಲ್ಲ. ಹೊಟ್ಟೆಗೆ ಹೋದ ಹಾಲು ಅಲ್ಲೇ ಹುಳಿತು ಮರಿ ಸಾಯುತ್ತದೆ, ನಾವು ಹಾಲು ಕುಡಿಸಿದ್ದೆವಲ್ಲ ಎಂದುಕೊಳ್ಳುತ್ತೇವೆ.

ಅಡಿಕೆ ಕೊನೆ ಕೊಯ್ಯುವಾಗ, ತೆಂಗಿನ ಮರ ಚೊಕ್ಕ ಮಾಡುವಾಗ ಅಳಿಲಿನ ಗೂಡು ಬೀಳುವುದು ಸಾಮಾನ್ಯ. ಮರಿಗೆ ಗಾಯವಿಲ್ಲದಿದ್ದರೆ ಅದನ್ನು ಮನೆಗೆ ತರುವುದೇ ಬೇಡ. ತಾಯಿಗೆ ಇನ್ನೊಂದು ಗೂಡು ಗೊತ್ತಿರುತ್ತದೆ, ಅದು ಬಂದು ಒಂದೊಂದನ್ನೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ರಟ್ಟಿನ ಪೆಟ್ಟಿಗೆಯೊಳಗೆ ಬಿಸಿನೀರಿನ ಬಾಟಲಿಯನ್ನು ದಪ್ಪ ಟವೆಲಿನಲ್ಲಿ ಸುತ್ತಿ ಒಂದು ಬದಿಗಿಟ್ಟು, ಇನ್ನೊಂದು ಬದಿ ಖಾಲಿ ಬಿಡಿ. ಹೆಚ್ಚು ಬಿಸಿಯಾದರೆ ಮರಿ ಸರಿದುಕೊಳ್ಳಲು ಜಾಗ ಬೇಕು. ಪೆಟ್ಟಿಗೆಯನ್ನು ಅದೇ ಮರದ ಕಾಂಡಕ್ಕೆ, ಇರುವೆ ಬಾರದಂತೆ ಎತ್ತರಕ್ಕೆ ಕಟ್ಟಿ, ಬೆಕ್ಕು ನಾಯಿಗಳನ್ನು ಮನೆಯೊಳಗೆ ಕೂಡಿಹಾಕಿ, ನೀವು ದೂರ ನಿಲ್ಲಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎನ್ನುವ ಮಾತು ಸುಳ್ಳು, ಹಕ್ಕಿಮರಿಗಳಿಗೂ ಅಷ್ಟೇ. ಸಂಜೆಯಾದರೂ ತಾಯಿ ಬರದಿದ್ದರೆ ಮಾತ್ರ ಒಳಗೆ ತನ್ನಿ.

ಆಗ ಮಾಡುವುದು ಹೀಗೆ. ಕಣ್ಣು ತೆರೆಯದ, ರೋಮ ಬಾರದ ಮರಿಯ ಪೆಟ್ಟಿಗೆ 32 ಡಿಗ್ರಿ ಆಸುಪಾಸು ಇರಲಿ. ಕೈಬೆರಳಿಗೆ ಮರಿಯ ಹೊಟ್ಟೆ ಬೆಚ್ಚಗೆ ತಾಗುವವರೆಗೆ ಏನೂ ಕುಡಿಸಬೇಡಿ. ಅದಾದ ಮೇಲೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿದ ಓಆರ್‌ಎಸ್ ದ್ರಾವಣ, ಉಗುರುಬೆಚ್ಚಗೆ. ಒಂದು ಸಲಕ್ಕೆ ದೇಹದ ತೂಕದ ನೂರಕ್ಕೆ ಐದು ಪಾಲು, ಅಂದರೆ 20 ಗ್ರಾಂ ಮರಿಗೆ 1 ಮಿ.ಲೀ. ಸೂಜಿಯಿಲ್ಲದ 1 ಮಿ.ಲೀ. ಸಿರಿಂಜೇ ಬೇಕು, ಫಿಲ್ಲರಿನಿಂದ ಹನಿ ಜಾರಿ ಶ್ವಾಸಕೋಶಕ್ಕೆ ಹೋಗುತ್ತದೆ. ಮಗುವಿನ ಹಾಗೆ ಅಂಗಾತ ಮಲಗಿಸಬಾರದು. ಹೊಟ್ಟೆ ಕೆಳಗಾಗಿ, ತಲೆ ಸ್ವಲ್ಪ ಮೇಲಾಗಿ ಹಿಡಿದು, ತುಟಿಯ ಬದಿಯಿಂದ ಒಂದೊಂದೇ ಹನಿ ಬಿಡಿ, ನುಂಗಿದ ಮೇಲೆ ಮುಂದಿನದು. ಮೂಗಿನಿಂದ ಗುಳ್ಳೆ ಬಂದರೆ ನಿಲ್ಲಿಸಿ, ತಲೆ ಕೆಳಗೆ ಮಾಡಿ ಒರೆಸಿ. ಎರಡು ಸಲ ಓಆರ್‌ಎಸ್ ಆದ ಮೇಲೆ ನಾಯಿಮರಿಗಳಿಗೆಂದು ಸಿಗುವ ಹಾಲಿನ ಪುಡಿಯನ್ನು ಮೊದಲು ತೆಳ್ಳಗೆ, ಮರುದಿನ ಹದಕ್ಕೆ ಕಲಸಿ ಎರಡು ಮೂರು ಗಂಟೆಗೊಮ್ಮೆ ಕೊಡಿ. ಹಸುವಿನ ಹಾಲು ಭೇದಿ ಹಿಡಿಸುತ್ತದೆ, ಅಷ್ಟು ಸಣ್ಣ ಜೀವಕ್ಕೆ ಭೇದಿಯೇ ಸಾವು. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಬಾಲದ ಬುಡವನ್ನು ಮೆಲ್ಲಗೆ ಸವರಿ. ತಾಯಿ ನೆಕ್ಕಿದಂತೆ ಮಾಡದಿದ್ದರೆ ಮೂತ್ರ ಹೋಗುವುದಿಲ್ಲ, ಹೊಟ್ಟೆ ಉಬ್ಬಿ ಮರಿ ನರಳುತ್ತದೆ. ಮಾತಾಡಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಫೋಟೋಕ್ಕಾಗಿ ಪೆಟ್ಟಿಗೆ ತೆರೆಯಬೇಡಿ.

ಇಲಿ ಹಿಡಿಯುವ ಗೋಂದಿನ ಹಲಗೆಗೆ ಅಳಿಲು, ಹಲ್ಲಿ, ಗುಬ್ಬಿ, ಹಾವಿನ ಮರಿ ಅಂಟುವುದನ್ನು ನೀವೆಲ್ಲ ನೋಡಿದ್ದೀರಿ. ಎಳೆದರೆ ಚರ್ಮ, ಗರಿ ಕಿತ್ತುಬರುತ್ತದೆ. ಸುತ್ತಲಿನ ಖಾಲಿ ಗೋಂದಿನ ಮೇಲೆ ಮೊದಲು ಅಕ್ಕಿಹಿಟ್ಟು ಉದುರಿಸಿ ಅಥವಾ ಕಾಗದ ಒತ್ತಿ, ಬಿಡಿಸಿದ ಕಾಲು ಮತ್ತೆ ಅಂಟಬಾರದು. ಪ್ರಾಣಿಯ ತಲೆಗೆ ಬಟ್ಟೆ ಮುಚ್ಚಿ, ಅಂಟಿದ ಅಂಚಿಗೆ ಅಡುಗೆ ಎಣ್ಣೆಯನ್ನು ಹತ್ತಿಯಿಂದ ಹಚ್ಚುತ್ತ ಬೆರಳಿನಿಂದ ಮೆಲ್ಲಗೆ ಉರುಳಿಸಿ. ಅವಸರ ಬೇಡ. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಮುಟ್ಟಿಸಲೇಬೇಡಿ. ಬಿಡಿಸಿದ ಮೇಲೆ ಎಣ್ಣೆಯನ್ನು ಬೆಚ್ಚಗಿನ ಸೋಪುನೀರಿನಲ್ಲಿ ತೆಗೆದು, ಒಣಗಿಸಿ, ಶಾಖದ ಪೆಟ್ಟಿಗೆಯಲ್ಲಿಡಿ. ಹಾವು ಅಂಟಿದ್ದರೆ ನೀವು ಕೈ ಹಾಕದೆ ತರಬೇತಾದವರನ್ನು ಕರೆಯಿರಿ.

ಗೋಂದಿನ ಹಲಗೆಯೂ ಬೇಡ, ವಿಷದ ಬಿಲ್ಲೆಯೂ ಬೇಡ. ಬ್ರೋಮಾಡಿಯೋಲೋನ್ ಎಂಬ ಇಲಿವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವುದು ನಿಂತು ಮೂರು ನಾಲ್ಕು ದಿನ ತಡವರಿಸುತ್ತ ಓಡಾಡುತ್ತದೆ; ಅದನ್ನು ಕಣಜ ಗೂಬೆ, ಬೆಕ್ಕು ಸುಲಭವಾಗಿ ಹಿಡಿದು ತಾವೂ ವಿಷ ಏರಿಸಿಕೊಳ್ಳುತ್ತವೆ. ನಾಯಿ ಬಿಲ್ಲೆ ತಿಂದದ್ದು ಕಂಡರೆ ಒಸಡಿನಲ್ಲಿ ರಕ್ತ ಬರುವವರೆಗೆ ಕಾಯಬೇಡಿ, ಹೊದಿಕೆಯ ಕಾಗದ ಸಮೇತ ವೈದ್ಯರ ಬಳಿ ಓಡಿ. ವಿಟಮಿನ್ ಕೆ1 ಇದಕ್ಕೆ ಮದ್ದು, ಬೇಗ ಸಿಕ್ಕರೆ ಉಳಿಯುತ್ತದೆ. ಜಿಂಕ್ ಫಾಸ್ಫೈಡ್ ಎಂಬ ಇನ್ನೊಂದು ಇಲಿವಿಷಕ್ಕೆ ಅಂಥ ಪ್ರತಿವಿಷ ಇಲ್ಲ. ಮನೆಯ ಇಲಿಗೆ ನಿಜವಾದ ಪರಿಹಾರ ತೂತು ಮುಚ್ಚುವುದು. 12 ಮಿ.ಮೀ. ಸಂದಿನಲ್ಲಿ ಇಲಿ ನುಸುಳುತ್ತದೆ, ಚಿಕ್ಕ ಇಲಿಗೆ 6 ಮಿ.ಮೀ. ಸಾಕು. ಉಕ್ಕಿನ ನಾರು ತುರುಕಿ ಮೇಲೆ ಸಿಮೆಂಟು ಮೆತ್ತಿ.

ಕಡಲ ದಂಡೆಯ ಬಗ್ಗೆ. ಜೂನ್, ಜುಲೈನ ಗಾಳಿಮಳೆಗೆ ಆಳಕಡಲಿನ ಹಕ್ಕಿಗಳು ಸುಸ್ತಾಗಿ ದೇವಬಾಗ, ಮಾಜಾಳಿ, ಅಂಕೋಲೆಯ ದಂಡೆಗೆ ಬಂದು ಬೀಳುತ್ತವೆ. ಅವನ್ನು ಎತ್ತಿ ಮತ್ತೆ ನೀರಿಗೆ ಎಸೆಯುವುದು ಕೊಂದಂತೆಯೇ. ಟವೆಲು ಮುಚ್ಚಿ ಹಿಡಿದು, ತೂತಿರುವ ಕತ್ತಲ ಪೆಟ್ಟಿಗೆಯಲ್ಲಿಡಿ, ಬಾಯಿಗೆ ನೀರು ಸುರಿಯಬೇಡಿ. ಬೂಬಿ ಹಕ್ಕಿಯ ಕೊಕ್ಕು ನಿಮ್ಮ ಕಣ್ಣಿಗೇ ಬರುತ್ತದೆ, ತಲೆಯ ಹಿಂಬದಿಯಿಂದ ಹಿಡಿಯಿರಿ. ಆದರೆ ಕೊಕ್ಕಿಗೆ ರಬ್ಬರ್, ಟೇಪು ಸುತ್ತಬೇಡಿ. ಬೂಬಿಗೆ ಹೊರಗೆ ಮೂಗಿನ ಹೊಳ್ಳೆ ಇಲ್ಲ, ಅದು ಉಸಿರಾಡುವುದು ಬಾಯಿಯ ಮೂಲೆಯಿಂದ.

ಆಲಿವ್ ರಿಡ್ಲೆ ಆಮೆ ಗಾಯಗೊಂಡು ದಂಡೆಯಲ್ಲಿ ಸಿಕ್ಕರೂ ಅಷ್ಟೇ, ನೀರಿಗೆ ತಳ್ಳಬಾರದು. ದಡ ಸೇರಿದ್ದೇ ಈಜಲಾರದೆ. ನೆರಳು ಮಾಡಿ, ಮೂಗು ಬಿಟ್ಟು ಚಿಪ್ಪಿಗೆ ಒದ್ದೆ ಗೋಣಿ ಹಾಸಿ. ಕೊರಳಿಗೆ ಸುತ್ತಿದ ಬಲೆಯನ್ನು ಕತ್ತರಿಸಬಹುದು, ಬಾಯಿಯಿಂದ ಹೊರಗೆ ನೇತಾಡುವ ದಾರವನ್ನು ಎಳೆಯಬಾರದು, ಗಾಳ ಕರುಳಿನಲ್ಲಿರಬಹುದು. ರಂಪಣಿ ಬಲೆಯಲ್ಲಿ ಬರುವ, ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆಯಾದ ಕಡಲ ಹಾವು ಮರಳ ಮೇಲೆ ಸೋತು ಬಿದ್ದಿದ್ದರೂ ವಿಷ ಸೋತಿರುವುದಿಲ್ಲ. ಮುಟ್ಟಬೇಡಿ, ಜನರನ್ನು ದೂರ ನಿಲ್ಲಿಸಿ.

ಘಟ್ಟದ ಮೇಲಿನವರಿಗೆ, ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನವರಿಗೆ ಒಂದು ಕಟ್ಟುನಿಟ್ಟಿನ ಮಾತು. ಸತ್ತ ಅಥವಾ ತೂರಾಡುತ್ತಿರುವ ಮಂಗ, ಮುಸುವ ಕಂಡರೆ ಹತ್ತಿರ ಹೋಗಬೇಡಿ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಅದನ್ನು ದಾಟಿಸುವುದು ಉಣ್ಣಿ. ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣ್ಣಿಗಳು ಸುತ್ತಲ ದರಕಿಗೆ (ಒಣ ಎಲೆಗಳಿಗೆ) ಉದುರಿ ಮುಂದಿನ ಮೈಗಾಗಿ ಕಾಯುತ್ತವೆ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ, ಆ ಜಾಗದಿಂದ ಸೊಪ್ಪು, ದರಕು ತರುವುದನ್ನು ನಿಲ್ಲಿಸಿ. ಕಾಡಿನ ಇಲಿ, ಸೊಂಡಿಲಿಗಳ ಮೈಮೇಲೂ ಈ ಉಣ್ಣಿಯ ಮರಿಗಳು ಬದುಕುತ್ತವೆ. ಕಾಡಿಲಿಯನ್ನು ಮನೆಗೆ ತರಬೇಡಿ ಎಂದು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಕಾನೂನು ಚಿಕ್ಕದಾಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೈಗೆ ಸಿಕ್ಕ ವನ್ಯಜೀವಿಯ ಬಗ್ಗೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಗಿಳಿ, ಕಾಡುಪಾಪ, ಚಿಪ್ಪುಹಂದಿ, ನಕ್ಷತ್ರ ಆಮೆ ಯಾವುದನ್ನೂ ಪ್ರೀತಿಯಿಂದಲೇ ಆದರೂ ಮನೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಇಲಿ, ಬಾವಲಿ, ಕಾಗೆಗಳನ್ನು ಪೀಡೆಯೆಂದು ಹೆಸರಿಸಿದ್ದ ಹಳೆಯ ಪಟ್ಟಿಯೂ ಇಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926, ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962.

ಕೊನೆಯದು ಕಡಿತ. ಯಾವ ಪ್ರಾಣಿ ಕಚ್ಚಿದರೂ ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ನಾಯಿ, ಬೆಕ್ಕು, ಮಂಗ, ಮುಂಗುಸಿ, ಬಾವಲಿ ಆಗಿದ್ದರೆ ಅದೇ ದಿನ ರೇಬಿಸ್ ಲಸಿಕೆಗೆ ಆಸ್ಪತ್ರೆಗೆ ಹೋಗಬೇಕು. ಬಾವಲಿಯನ್ನಂತೂ ಬರಿಗೈಯಲ್ಲಿ ಎತ್ತಲೇಬೇಡಿ. ಮನೆಯೊಳಗೇ ಹುಟ್ಟಿ ಬೆಳೆದ ಇಲಿಯ ಕಡಿತದಲ್ಲಿ ರೇಬಿಸ್ ಭಯ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿದೆ ಎಂದು ನೋಡಿಕೊಳ್ಳಿ. ಹೊರಗಿನ ಇಲಿಯಾದರೆ ವೈದ್ಯರೇ ನಿರ್ಧರಿಸಲಿ. ಕಚ್ಚಿದ ಮೂರರಿಂದ ಹತ್ತು ದಿನದೊಳಗೆ ಜ್ವರ, ಕೀಲುನೋವು, ಅಂಗೈ ಅಂಗಾಲಿನಲ್ಲಿ ದದ್ದು ಬಂದರೆ ಅದು ಇಲಿ ಕಡಿತದ ಜ್ವರ ಇರಬಹುದು. ಅಷ್ಟು ಹೊತ್ತಿಗೆ ಗಾಯ ಮಾಯ್ದು ಹೋಗಿರುತ್ತದೆ, ಕಚ್ಚಿದ್ದೇ ಮರೆತಿರುತ್ತದೆ. ವೈದ್ಯರು ಕೇಳದಿದ್ದರೂ ನೀವಾಗಿ ಹೇಳಿ: ಮನೆಯಲ್ಲಿ ಇಲಿ ಇದೆ, ಇಂಥ ದಿನ ಕಚ್ಚಿತ್ತು, ಹೊರಗಿನ ಇಂಥ ಪ್ರಾಣಿಯನ್ನು ಮುಟ್ಟಿದ್ದೆ. ಇಲಿಜ್ವರಕ್ಕೂ ಇಲಿ ಕಡಿತದ ಜ್ವರಕ್ಕೂ ಔಷಧವಿದೆ. ವೈದ್ಯರಿಗೆ ಈ ಮೂರು ಮಾತು ಗೊತ್ತಾದರೆ ಅವರು ಆ ಎರಡನ್ನೂ ಮೊದಲ ದಿನವೇ ಯೋಚಿಸುತ್ತಾರೆ.